‘ಹೊರಗೆ ಬಿಡುವುದು’ ಸಾಕೇ? ನಿರೋಧ್, ಮಾತ್ರೆ, ಚುಚ್ಚುಮದ್ದು, ವಂಕಿಗಳ ಜೊತೆ ಒಂದು ಹೋಲಿಕೆ

ಗರ್ಭ ನಿಲ್ಲದಂತೆ ಏನು ಮಾಡ್ತಿದ್ದೀರಿ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ಎಷ್ಟೋ ಮನೆಗಳಲ್ಲಿ ಬರುವ ಉತ್ತರ ಒಂದೇ: “ಏನೂ ಇಲ್ಲ, ನಮ್ಮನೆಯವರೇ ಹುಷಾರಾಗಿರ್ತಾರೆ.” ಆ ‘ಹುಷಾರು’ ಎಂದರೆ ವೀರ್ಯ ಬರುವ ಮುಂಚೆ ಶಿಶ್ನವನ್ನು ಯೋನಿಯಿಂದ ಹೊರಗೆ ತೆಗೆದು, ಸ್ಖಲನ ಹೊರಗೇ ಆಗುವಂತೆ ನೋಡಿಕೊಳ್ಳುವುದು. ಅದೂ ಒಂದು ಗರ್ಭನಿರೋಧ ವಿಧಾನವೇ. ಆದರೆ ‘ಏನೂ ಇಲ್ಲ’ ಎಂಬ ಮಾತಿನೊಳಗೆ ಅಡಗಿಕೊಳ್ಳುವುದರಿಂದ ಅದರ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಯಾರೂ ಕೇಳಿ ತಿಳಿದುಕೊಳ್ಳುವುದೂ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 66.7 ಮಂದಿ ಯಾವುದಾದರೊಂದು ವಿಧಾನ ಬಳಸುತ್ತಿದ್ದರು. ಒಟ್ಟು ವಿವಾಹಿತ ಮಹಿಳೆಯರಲ್ಲಿ ಶೇ. 10ರಷ್ಟು ಮಂದಿಯದು ಸಾಂಪ್ರದಾಯಿಕ ವಿಧಾನ, ಅಂದರೆ ಮುಖ್ಯವಾಗಿ ದಿನ ಎಣಿಸುವುದು ಅಥವಾ ಹೊರಗೆ ಬಿಡುವುದು. ಕರ್ನಾಟಕದ ಚಿತ್ರ ಬೇರೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಮಹಿಳೆಯರದು ಆಪರೇಷನ್. ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ಮದುವೆಯಾದ ದಿನದಿಂದ ಆಪರೇಷನ್ ಆಗುವವರೆಗಿನ ವರ್ಷಗಳಲ್ಲಿ, ಮೊದಲ ಮಗು ಮುಂದೂಡಲು, ಎರಡನೆಯದಕ್ಕೆ ಅಂತರ ಕೊಡಲು ಏನು ಮಾಡಬೇಕು ಎಂಬುದು ಅನೇಕರಿಗೆ ಸ್ಪಷ್ಟವಿಲ್ಲ. ಈ ಬರಹ ಆ ವರ್ಷಗಳಿಗಾಗಿ.

ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಸ್ಖಲನ ಎರಡು ಹಂತಗಳಲ್ಲಿ ಆಗುತ್ತದೆ. ಮೊದಲು ವೀರ್ಯಾಣುಗಳೂ ಗ್ರಂಥಿಗಳ ದ್ರವವೂ ಮೂತ್ರನಾಳದ ಬುಡದಲ್ಲಿ ಬಂದು ಸೇರುತ್ತವೆ. ‘ಇನ್ನು ತಡೆಯಲು ಆಗುವುದಿಲ್ಲ’ ಎಂಬ ಅನುಭವ ಗಂಡಸಿಗೆ ಬರುವುದು ಇದೇ ಹಂತದಲ್ಲಿ. ಅದಾದ ಕೆಲವೇ ಸೆಕೆಂಡುಗಳಲ್ಲಿ ಸ್ನಾಯುಗಳು ತಾವಾಗಿಯೇ ಹಿಂಡಿ ವೀರ್ಯವನ್ನು ಹೊರಗೆ ಚಿಮ್ಮಿಸುತ್ತವೆ. ಈ ಎರಡನೇ ಹಂತ ಯಾರ ಇಚ್ಛೆಗೂ ಒಳಪಟ್ಟದ್ದಲ್ಲ. ಆದ್ದರಿಂದ ಹೊರಗೆ ತೆಗೆಯಬೇಕಾದದ್ದು ‘ಬಂತು’ ಎನ್ನಿಸಿದಾಗಲ್ಲ, ‘ಬರುವ ಹಾಗಿದೆ’ ಎನ್ನಿಸಿದಾಗ. ವಿಫಲವಾಗುವ ಹೆಚ್ಚಿನ ಸಂದರ್ಭಗಳು ಈ ಒಂದೆರಡು ಸೆಕೆಂಡಿನ ತಪ್ಪಿನಿಂದಲೇ ಆಗುವಂಥವು.

“ಸ್ವಲ್ಪ ಒಳಗೆ ಬಿತ್ತು, ಉಳಿದದ್ದು ಹೊರಗೇ ಆಯಿತು” ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ವೀರ್ಯಾಣುಗಳು ಅತಿ ಹೆಚ್ಚು ದಟ್ಟವಾಗಿರುವುದು ಮೊದಲ ಚಿಮ್ಮಿನಲ್ಲೇ. ಒಂದು ಮಿಲಿಲೀಟರ್ ವೀರ್ಯದಲ್ಲಿ ಕೋಟಿಗಟ್ಟಲೆ ವೀರ್ಯಾಣುಗಳಿರುವಾಗ ‘ಸ್ವಲ್ಪ’ ಎಂಬ ಮಾತಿಗೆ ಅರ್ಥವಿಲ್ಲ. ಅರ್ಧ ತಡವಾದರೆ ಅಪಾಯವೂ ಅರ್ಧ ಎಂದು ಲೆಕ್ಕ ಹಾಕಬೇಡಿ. ಅದು ಪೂರ್ತಿ ತಡವಾದಂತೆಯೇ.

ಇನ್ನೊಂದು ತೊಂದರೆ ಸ್ಖಲನಕ್ಕೆ ಮುಂಚೆ ಜಿನುಗುವ ಅಂಟು ದ್ರವದ್ದು. ಅದು ಬರುವುದು ಮೂತ್ರನಾಳದ ಪಕ್ಕದ ಪುಟ್ಟ ಗ್ರಂಥಿಗಳಿಂದ, ಅಲ್ಲಿ ವೀರ್ಯಾಣು ತಯಾರಾಗುವುದಿಲ್ಲ. ಹಾಗಿದ್ದರೂ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 27 ಗಂಡಸರ ಈ ದ್ರವ ಪರೀಕ್ಷಿಸಿದಾಗ 11 ಮಂದಿಯಲ್ಲಿ ವೀರ್ಯಾಣು ಸಿಕ್ಕಿತು. ಅವರಲ್ಲಿ 10 ಮಂದಿಯ ವೀರ್ಯಾಣುಗಳು ಚಲಿಸುತ್ತಲೂ ಇದ್ದವು. ಕೆಲವು ಗಂಡಸರಲ್ಲಿ ಪ್ರತಿ ಸಲವೂ ಬರುತ್ತದೆ, ಕೆಲವರಲ್ಲಿ ಬರುವುದೇ ಇಲ್ಲ. ತಾನು ಯಾವ ಗುಂಪಿನವನು ಎಂದು ನೋಡಿ ಹೇಳಲು ಆಗದು. ಈ ದ್ರವ ಯಾವಾಗ ಜಿನುಗಿತೆಂಬುದು ಅವನ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಸಮಯಕ್ಕೆ ಸರಿಯಾಗಿ ಹೊರತೆಗೆದರೂ ಅಪಾಯ ಸೊನ್ನೆಯಾಗುವುದಿಲ್ಲ.

ಹೆಣ್ಣಿನ ದೇಹದೊಳಗೆ ವೀರ್ಯಾಣು 5 ದಿನದವರೆಗೆ ಬದುಕಬಲ್ಲದು. ಅಂಡಾಣುವಿನ ಆಯಸ್ಸು 12ರಿಂದ 24 ಗಂಟೆ. ಸೋಮವಾರ ಆದ ತಪ್ಪಿಗೆ ಶುಕ್ರವಾರ ಬಿಡುಗಡೆಯಾದ ಅಂಡಾಣುವಿನಿಂದ ಗರ್ಭ ನಿಲ್ಲಬಹುದು. ಆಮೇಲೆ ಎದ್ದು ನೀರಿನಲ್ಲಿ ತೊಳೆದುಕೊಳ್ಳುವುದು, ಮೂತ್ರಕ್ಕೆ ಹೋಗುವುದು, ಎಳ್ಳು-ಬೆಲ್ಲ ತಿನ್ನುವುದು, ಪರಂಗಿ ಹಣ್ಣು ತಿನ್ನುವುದು, ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹೆಣ್ಣಿನ ಮೂತ್ರದ ದಾರಿಯೇ ಬೇರೆ, ಯೋನಿಯೇ ಬೇರೆ. ವೀರ್ಯಾಣುಗಳು ಗರ್ಭಕೊರಳನ್ನು ಸೇರಲು ಕೆಲವೇ ನಿಮಿಷ ಸಾಕು.

4 ಮತ್ತು 20

ಯಾವುದೇ ವಿಧಾನಕ್ಕೂ ಎರಡು ಅಂಕಿ ಇರುತ್ತವೆ. ಒಂದು, ಪ್ರತಿ ಸಲವೂ ಒಂದಿಷ್ಟೂ ತಪ್ಪಿಲ್ಲದೆ ಬಳಸಿದರೆ ವರ್ಷದಲ್ಲಿ 100 ಮಹಿಳೆಯರಲ್ಲಿ ಎಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ ಎಂಬುದು. ಇನ್ನೊಂದು, ಜನ ನಿಜವಾಗಿ ಬಳಸುವ ರೀತಿಯಲ್ಲಿ ಎಷ್ಟು ಎಂಬುದು. ಅಮೆರಿಕದ ದಂಪತಿಗಳ ಮಾಹಿತಿಯಿಂದ ತೆಗೆದ, ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಅಂದಾಜಿನಂತೆ ಹೊರಗೆ ಬಿಡುವ ವಿಧಾನದಲ್ಲಿ ಮೊದಲನೆಯದು 4, ಎರಡನೆಯದು 20. ಏನನ್ನೂ ಬಳಸದಿದ್ದರೆ ಅದು 85. ಅಂದರೆ ‘ಹೊರಗೆ ಬಿಡುವುದೂ ಒಂದೇ, ಬಿಡದಿರುವುದೂ ಒಂದೇ’ ಎನ್ನುವುದು ತಪ್ಪು. ಕೈಯಲ್ಲಿ ಬೇರೇನೂ ಇಲ್ಲದ ರಾತ್ರಿ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ.

ಗಮನಿಸಬೇಕಾದದ್ದು 4ಕ್ಕೂ 20ಕ್ಕೂ ನಡುವಿನ ಅಂತರ. ಐದು ಪಟ್ಟು. ಗರ್ಭಕೋಶದೊಳಗೆ ಇಡುವ ವಂಕಿಯಲ್ಲಿ, ಅಂದರೆ ಕಾಪರ್-ಟಿಯಲ್ಲಿ, ಅದೇ ಅಂತರ 0.6ರಿಂದ 0.8, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಪರ್-ಟಿ ಹಾಕಿಸಿಕೊಂಡವಳು ಆ ಕ್ಷಣದಲ್ಲಿ ಏನನ್ನೂ ನೆನಪಿಡಬೇಕಾಗಿಲ್ಲ. ಹೊರಗೆ ಬಿಡುವ ವಿಧಾನವಾದರೋ ಮನುಷ್ಯನ ಹತೋಟಿ ಅತಿ ಕಡಿಮೆ ಇರುವ ಗಳಿಗೆಯಲ್ಲಿ ಅತಿ ಹೆಚ್ಚು ಹತೋಟಿ ಕೇಳುತ್ತದೆ, ಅದೂ ವರ್ಷಕ್ಕೆ ಹತ್ತಾರು ಸಲ, ಒಂದು ಸಲವೂ ತಪ್ಪದಂತೆ.

ಇದನ್ನು ಮೂರು ವರ್ಷದ ಲೆಕ್ಕಕ್ಕೆ ತಂದರೆ ಹೆಚ್ಚು ಅರ್ಥವಾಗುತ್ತದೆ, ಏಕೆಂದರೆ ಇಬ್ಬರು ಮಕ್ಕಳ ನಡುವೆ ಮೂರು ವರ್ಷದ ಅಂತರ ಇರಲಿ ಎಂದೇ ಆಸ್ಪತ್ರೆಗಳಲ್ಲಿ ಹೇಳುವುದು. ವರ್ಷದಿಂದ ವರ್ಷಕ್ಕೆ ಅದೇ ಪ್ರಮಾಣ ಮುಂದುವರಿದರೆ, ಹೊರಗೆ ಬಿಡುವುದನ್ನೇ ನಂಬಿದ 100 ಮಂದಿಯಲ್ಲಿ ಮೂರು ವರ್ಷ ಮುಗಿಯುವುದರೊಳಗೆ 49 ಮಂದಿಗೆ ಬೇಡದ ಗರ್ಭ ನಿಂತಿರುತ್ತದೆ. ಕಾಂಡೋಮಿನಲ್ಲಿ 34, ದಿನದ ಮಾತ್ರೆಯಲ್ಲಿ 20, ಕಾಪರ್-ಟಿಯಲ್ಲಿ 2 ಅಥವಾ 3. ಅಭ್ಯಾಸವಾದಂತೆ ತಪ್ಪು ಕಡಿಮೆಯಾಗುವುದರಿಂದ ನಿಜದ ಸಂಖ್ಯೆ ಇದಕ್ಕಿಂತ ತುಸು ಕೆಳಗಿರುತ್ತದೆ. ಆದರೆ ಯಾವುದು ಯಾವುದಕ್ಕಿಂತ ಮೇಲು ಎಂಬ ಸಾಲು ಬದಲಾಗುವುದಿಲ್ಲ.

ಹಾಗಾಗಿ ಆಯ್ಕೆಗೆ ಕೂರುವ ಮುಂಚೆ ಇಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು ಸುಲಭ ಎಂಬುದಲ್ಲ. ಈ ತಿಂಗಳೇ ಗರ್ಭ ನಿಂತರೆ ನಮಗೆ ಏನಾಗುತ್ತದೆ ಎಂಬುದು. ‘ಸ್ವಲ್ಪ ಬೇಗ ಆಯಿತು, ಪರವಾಗಿಲ್ಲ’ ಎನ್ನುವವರಿಗೆ ಹೊರಗೆ ಬಿಡುವುದು ಸಾಕಾಗಬಹುದು. ‘ಓದು ನಿಲ್ಲುತ್ತದೆ’, ‘ಸಿಸೇರಿಯನ್ ಆಗಿ ಇನ್ನೂ ಎಂಟು ತಿಂಗಳು’, ‘ಗುಳಿಗೆ ನುಂಗುತ್ತಿರುವ ಕಾಯಿಲೆ ಇದೆ, ಗರ್ಭ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದಾರೆ’ ಎನ್ನುವವರಿಗೆ ಸಾಲದು.

ಇದನ್ನೇ ಬಳಸುತ್ತೀರಾದರೆ

ಸರಿಯಾಗಿ ಮಾಡುವ ಕ್ರಮವಿದೆ. ಸೇರುವ ಮುಂಚೆ ಗಂಡಸು ಮೂತ್ರ ಮಾಡಿ, ಶಿಶ್ನದ ತುದಿ ಒರೆಸಿಕೊಳ್ಳಬೇಕು. ಹಿಂದಿನ ಸ್ಖಲನದಿಂದ ನಾಳದಲ್ಲಿ ಉಳಿದಿರಬಹುದಾದ ವೀರ್ಯಾಣು ಹೊರಹೋಗಲಿ ಎಂದು. ಮೇಲೆ ಹೇಳಿದ ಅಂಟು ದ್ರವದ ಅಪಾಯವನ್ನು ಇದು ಪೂರ್ತಿ ನಿವಾರಿಸುವುದಿಲ್ಲ. ಬರುವ ಸೂಚನೆ ಸಿಕ್ಕ ಕೂಡಲೇ ಪೂರ್ತಿಯಾಗಿ ಹೊರತೆಗೆದು, ಯೋನಿಯ ಬಾಯಿಯಿಂದಲೂ ತೊಡೆಯ ಸಂದಿಯಿಂದಲೂ ದೂರದಲ್ಲಿ, ಬಟ್ಟೆಯ ಮೇಲೋ ಹೊಟ್ಟೆಯ ಮೇಲೋ ಸ್ಖಲನವಾಗಬೇಕು. ಯೋನಿಯ ಹೊರ ಅಂಚಿಗೆ ತಾಕಿದ ಹಸಿ ವೀರ್ಯದಿಂದಲೂ ಗರ್ಭ ನಿಲ್ಲಬಹುದು, ಅಪರೂಪಕ್ಕಾದರೂ. ವೀರ್ಯ ತಾಕಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಆಕೆಯನ್ನು ಮತ್ತೆ ಅಲ್ಲಿ ಮುಟ್ಟಬಾರದು. ಅದೇ ರಾತ್ರಿ ಎರಡನೇ ಸಲವಾದರೆ ಮತ್ತೆ ಮೂತ್ರ, ಮತ್ತೆ ತೊಳೆಯುವುದು. ಅಂಥ ಸಂದರ್ಭಕ್ಕೆ ಕಾಂಡೋಮೇ ಇರಲಿ ಎನ್ನುವುದು ನಮ್ಮ ಸಲಹೆ.

ಕೆಲವರಿಗೆ ಇದು ಹೊಂದುವುದೇ ಇಲ್ಲ. ಶೀಘ್ರಸ್ಖಲನ ಇರುವವರು, ಬರುವ ಸೂಚನೆ ಸ್ಪಷ್ಟವಾಗಿ ತಿಳಿಯದ ಹರೆಯದವರು, ಕುಡಿದು ಸೇರುವ ಅಭ್ಯಾಸವಿರುವವರು ಇದನ್ನು ನಂಬಬಾರದು. ಹೆಣ್ಣು ಮೇಲಿರುವ ಭಂಗಿಯಲ್ಲಿ ಗಂಡಸಿಗೆ ಸಮಯಕ್ಕೆ ಹಿಂದೆ ಸರಿಯುವುದು ಕಷ್ಟ. ಎಚ್.ಐ.ವಿ. ಮತ್ತಿತರ ಲೈಂಗಿಕ ಸೋಂಕುಗಳಿಗೆ ಇದರಿಂದ ಯಾವ ತಡೆಯೂ ಇಲ್ಲ. ಸ್ಖಲನದ ಮುಂಚಿನ ದ್ರವದಲ್ಲೂ ಎಚ್.ಐ.ವಿ. ಇರಬಹುದು.

ಹೊರಗೆ ಬಿಟ್ಟರೆ ಧಾತು ನಷ್ಟವಾಗುತ್ತದೆ, ನರ ದೌರ್ಬಲ್ಯ ಬರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಹಲವರಿಗಿದೆ. ಅದಕ್ಕೆ ಆಧಾರವಿಲ್ಲ. ವೀರ್ಯ ಒಳಗೆ ಬಿದ್ದರೂ ಹೊರಗೆ ಬಿದ್ದರೂ ಗಂಡಸಿನ ದೇಹಕ್ಕೆ ಒಂದೇ. ಖರ್ಚಿಲ್ಲ, ಹಾರ್ಮೋನಿಲ್ಲ, ಅಡ್ಡಪರಿಣಾಮವಿಲ್ಲ, ಅಂಗಡಿಯಲ್ಲಿ ಕೇಳುವ ಮುಜುಗರವಿಲ್ಲ, ಬೇಕೆಂದಾಗ ಬಿಟ್ಟುಬಿಡಬಹುದು. ಈ ಗುಣಗಳು ಸಣ್ಣವಲ್ಲ. ಕಾಂಡೋಮ್ ಜನಸಾಮಾನ್ಯರ ಕೈಗೆ ಸಿಗದ, ಮಾತ್ರೆ ಇನ್ನೂ ಬಾರದ ಕಾಲದಲ್ಲಿ ಫ್ರಾನ್ಸಿನಲ್ಲಿ ಜನನ ಪ್ರಮಾಣ ಇಳಿದದ್ದರಲ್ಲಿ ಈ ವಿಧಾನದ ಪಾತ್ರ ದೊಡ್ಡದು.

ಇನ್ನೊಂದು ಮಾತು ಹೇಳಲೇಬೇಕು. ಈ ವಿಧಾನದಲ್ಲಿ ಗರ್ಭ ಹೊರುವವಳ ಕೈಯಲ್ಲಿ ಏನೂ ಇಲ್ಲ. ಗಂಡಸು ಮಾತಿಗೆ ತಪ್ಪಿದರೆ, ‘ಇವತ್ತೊಂದು ದಿನ ಪರವಾಗಿಲ್ಲ’ ಎಂದರೆ, ಆಕೆಗೆ ತಿಳಿಯುವುದು ಆದ ಮೇಲೆ. ನಂಬಿಕೆ ಗಟ್ಟಿಯಿರುವ ಜೋಡಿಗೆ ಇದು ತೊಂದರೆಯಾಗದೆ ಇರಬಹುದು. ನಂಬಿಕೆ ಇಲ್ಲದ ಕಡೆ ಹೆಣ್ಣು ತನ್ನ ಕೈಯಲ್ಲೇ ಇರುವ ವಿಧಾನವೊಂದನ್ನು ಆರಿಸಿಕೊಳ್ಳುವುದು ಅವಳ ಹಕ್ಕು.

ನಿರೋಧ್ ಜೊತೆ ಹೋಲಿಸಿದರೆ

ಕಾಂಡೋಮಿನ ಅಂಕಿ 2 ಮತ್ತು 13. ಹೊರಗೆ ಬಿಡುವುದಕ್ಕಿಂತ ಮೇಲು, ಆದರೆ ಆಕಾಶ-ಭೂಮಿ ಅಂತರವಲ್ಲ, ಏಕೆಂದರೆ ಇದರಲ್ಲೂ ಆ ಕ್ಷಣದ ಶಿಸ್ತು ಬೇಕು. ಸೋಂಕು ತಡೆಯುವುದು ಇದರ ವಿಶೇಷ. ಬೇರೆ ಯಾವ ಗರ್ಭನಿರೋಧಕವೂ ಎಚ್.ಐ.ವಿ.ಯಿಂದ ಕಾಪಾಡುವುದಿಲ್ಲ. ನಿರೋಧ್ 1968ರಿಂದ ಸರ್ಕಾರದ ಕಾರ್ಯಕ್ರಮದಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಆಶಾ ಕಾರ್ಯಕರ್ತೆಯರೂ ತಂದುಕೊಡುತ್ತಾರೆ.

ಕಾಂಡೋಮ್ ಹರಿಯುವುದಕ್ಕೆ ಒಂದು ಕಾರಣ ಕೊಬ್ಬರಿ ಎಣ್ಣೆ. ಎಣ್ಣೆ, ವ್ಯಾಸಲಿನ್, ಬೆಣ್ಣೆ, ಯಾವ ಜಿಡ್ಡು ತಾಕಿದರೂ ಲ್ಯಾಟೆಕ್ಸ್ ನಿಮಿಷಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಜಾರುವಿಕೆ ಬೇಕಿದ್ದರೆ ನೀರು ಆಧಾರಿತ ಜೆಲ್ ಬಳಸಿ. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿದ್ದ ಪೊಟ್ಟಣ ಬೇಡ. ದಿನಾಂಕ ನೋಡಿ, ಹಲ್ಲಿನಿಂದಲ್ಲದೆ ಕೈಯಿಂದ ಹರಿದು, ತುದಿಯನ್ನು ಹಿಂಡಿ ಗಾಳಿ ತೆಗೆದು ಬುಡದವರೆಗೆ ಸುರುಳಿ ಬಿಚ್ಚಬೇಕು. ಸ್ಖಲನವಾದ ಮೇಲೆ ಗಡಸು ಇಳಿಯುವ ಮುಂಚೆ, ಅಂಚನ್ನು ಬೆರಳಲ್ಲಿ ಹಿಡಿದು ಹೊರತೆಗೆಯಬೇಕು.

ಎರಡನ್ನೂ ಬೆರೆಸುವವರಲ್ಲಿ ಎರಡು ಬಗೆ. ಮೊದಲು ಹಾಗೇ ಸೇರಿ, ‘ಕೊನೆಗೆ ಹಾಕಿಕೊಂಡರಾಯಿತು’ ಎನ್ನುವುದು ಒಂದು. ಇದರಲ್ಲಿ ಎರಡೂ ವಿಧಾನಗಳ ದೋಷ ಸೇರಿಕೊಳ್ಳುತ್ತದೆ, ಸೋಂಕೂ ದಾಟುತ್ತದೆ. ಕಾಂಡೋಮ್ ಮೊದಲಿನಿಂದಲೇ ಹಾಕಿಕೊಂಡು, ಸ್ಖಲನವನ್ನೂ ಹೊರಗೇ ಮಾಡುವುದು ಇನ್ನೊಂದು. ಕಾಂಡೋಮ್ ಹರಿದರೂ ವೀರ್ಯ ಹೊರಗಿರುತ್ತದೆ, ಹೊರತೆಗೆಯುವುದು ತಡವಾದರೂ ಕಾಂಡೋಮ್ ಇರುತ್ತದೆ. ಹಾರ್ಮೋನ್ ಬೇಡ, ವಂಕಿ ಬೇಡ ಎನ್ನುವ ಜೋಡಿಗಳಿಗೆ ನಾವು ಮೊದಲು ಹೇಳುವುದು ಇದನ್ನೇ.

ದಿನ ಎಣಿಸುವುದರ ಜೊತೆ

ಮುಟ್ಟು 26ರಿಂದ 32 ದಿನಗಳೊಳಗೆ ಕ್ರಮವಾಗಿ ಬರುವವರಿಗೆ ಮಾತ್ರ ಇದು ಹೊಂದುತ್ತದೆ. ಮುಟ್ಟಾದ ಮೊದಲ ದಿನವನ್ನು 1 ಎಂದು ಎಣಿಸಿ, 8ರಿಂದ 19ನೇ ದಿನದವರೆಗೆ ಅಪಾಯದ ದಿನಗಳು. ಅಂಕಿ 5 ಮತ್ತು 12. ಎರಡು ತಿಂಗಳು ಮುಟ್ಟು ಹಿಂದುಮುಂದಾದರೆ, ಬಾಣಂತಿಯಾಗಿದ್ದರೆ, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಿದ್ದರೆ, ಪಿ.ಸಿ.ಓ.ಎಸ್. (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದರೆ ಲೆಕ್ಕ ಕೆಡುತ್ತದೆ.

ಹೊರಗೆ ಬಿಡುವವರಲ್ಲಿ ಅನೇಕರು ದಿನವನ್ನೂ ಎಣಿಸುತ್ತಾರೆ, ಆದರೆ ಉಲ್ಟಾ ಬಳಸುತ್ತಾರೆ: ಸುರಕ್ಷಿತ ದಿನಗಳಲ್ಲಿ ಒಳಗೇ ಬಿಡುವುದು, ಅಪಾಯದ ದಿನಗಳಲ್ಲಿ ಹೊರಗೆ. ಅಂದರೆ ಗಟ್ಟಿ ವಿಧಾನ ಬೇಕಾದ ದಿನಗಳಲ್ಲೇ ಸಡಿಲವಾದದ್ದನ್ನು ನೆಚ್ಚಿಕೊಳ್ಳುವುದು. 8ರಿಂದ 19ರವರೆಗೆ ಕಾಂಡೋಮ್, ಉಳಿದ ದಿನಗಳಲ್ಲಿ ಹೊರಗೆ ಬಿಡುವುದು ಎಂದು ತಿರುವಿಕೊಂಡರೆ ಅದೇ ಶ್ರಮಕ್ಕೆ ಹೆಚ್ಚು ಫಲ.

ಮಾತ್ರೆಗಳು: ಮಾಲಾ-ಎನ್ ಮತ್ತು ಛಾಯಾ

ಇವೆರಡನ್ನೂ ‘ಸರ್ಕಾರಿ ಮಾತ್ರೆ’ ಎಂದು ಒಂದೇ ಉಸಿರಲ್ಲಿ ಹೇಳುವುದುಂಟು. ಒಳಗಿರುವ ಮದ್ದು ಬೇರೆ, ನುಂಗುವ ಕ್ರಮ ಬೇರೆ.

ಮಾಲಾ-ಎನ್ ಎರಡು ಹಾರ್ಮೋನುಗಳ ಮಾತ್ರೆ. ಪಟ್ಟಿಯಲ್ಲಿ 28: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಮುಟ್ಟಾದ 5 ದಿನಗಳೊಳಗೆ ಶುರುಮಾಡಿ, ದಿನಕ್ಕೊಂದರಂತೆ ಒಂದೇ ಹೊತ್ತಿಗೆ. ತಪ್ಪಿಲ್ಲದೆ ನುಂಗಿದರೆ ಅಂಕಿ 0.3, ನಿಜ ಬಳಕೆಯಲ್ಲಿ 7. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ ಮುಂದುವರಿಯಿರಿ. ಎರಡು ಅಥವಾ ಹೆಚ್ಚು ಮರೆತರೆ ಮುಂದಿನ 7 ದಿನ ಕಾಂಡೋಮ್ ಜೊತೆಗಿರಲಿ. ಮೊದಲ ಎರಡು ಮೂರು ತಿಂಗಳು ಹೊಟ್ಟೆ ತೊಳಸುವುದು, ನಡುನಡುವೆ ಚುಕ್ಕೆ ರಕ್ತ ಕಾಣುವುದು ಸಾಮಾನ್ಯ, ಅದಕ್ಕೆ ಹೆದರಿ ಬಿಡಬೇಕಾಗಿಲ್ಲ. ಎದೆಹಾಲು ಕುಡಿಸುವ ಮೊದಲ ಆರು ತಿಂಗಳು ಬೇಡ. ರಕ್ತದೊತ್ತಡ 140/90 ಅಥವಾ ಮೇಲಿದ್ದರೆ, ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಮೈಗ್ರೇನ್ ಇದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, 35 ದಾಟಿ ಬೀಡಿ-ಸಿಗರೇಟು ಸೇದುವವರಾಗಿದ್ದರೆ ಇದನ್ನು ತೆಗೆದುಕೊಳ್ಳಬಾರದು. ಔಷಧಿ ಅಂಗಡಿಯಲ್ಲಿ ನೇರವಾಗಿ ಕೊಳ್ಳುವವರೂ ಒಮ್ಮೆ ಬಿ.ಪಿ. ನೋಡಿಸಿಕೊಳ್ಳಿ.

ಛಾಯಾದಲ್ಲಿ ಹಾರ್ಮೋನಿಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ ಮದ್ದು. ‘ಸಹೇಲಿ’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. 30 ಮಿ.ಗ್ರಾಂ. ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ನಂತರ ವಾರಕ್ಕೆ ಒಂದು ಸಲ ನುಂಗಬೇಕು. ಮುಟ್ಟಾದ ಮೊದಲ ದಿನವೇ ಮೊದಲ ಮಾತ್ರೆ. ಅದು ಭಾನುವಾರವಾದರೆ ಎರಡನೆಯದು ಬುಧವಾರ. ಮೂರು ತಿಂಗಳು ಭಾನುವಾರ-ಬುಧವಾರ, ಆಮೇಲೆ ಪ್ರತಿ ಭಾನುವಾರ. ಸರಿಯಾಗಿ ನುಂಗಿದರೆ ವೈಫಲ್ಯ 100ಕ್ಕೆ 1ರಿಂದ 2. ಎದೆಹಾಲು ಕುಡಿಸುವವರಿಗೂ ಆಗುತ್ತದೆ. ಮೊದಲ ತಿಂಗಳುಗಳಲ್ಲಿ ಮುಟ್ಟು ತಡವಾಗುವುದು, ರಕ್ತ ಕಡಿಮೆ ಹೋಗುವುದು ಇದರ ಸ್ವಭಾವ. ಅದನ್ನೇ ಗರ್ಭ ಎಂದುಕೊಂಡು ಗಾಬರಿಯಾಗಿ ಮಾತ್ರೆ ಬಿಟ್ಟು, ಬಿಟ್ಟ ಮೇಲೆ ನಿಜವಾಗಿಯೇ ಗರ್ಭ ನಿಲ್ಲಿಸಿಕೊಳ್ಳುವುದು ಇದರಲ್ಲಿ ಪದೇಪದೇ ಆಗುವ ತಪ್ಪು. ಒಂದು ಮಾತ್ರೆ 7 ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಮೊದಲಿನಿಂದ, ವಾರಕ್ಕೆರಡರಂತೆ ಶುರುಮಾಡಬೇಕು. ಪಿ.ಸಿ.ಓ.ಎಸ್., ಯಕೃತ್ತಿನ ತೊಂದರೆ, ಇತ್ತೀಚಿನ ಕಾಮಾಲೆ ಇರುವವರಿಗೆ ಬೇಡ.

ಅಂತರಾ ಮತ್ತು ವಂಕಿ

ಅಂತರಾ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅಂಕಿ 0.2 ಮತ್ತು 4. ತಾರೀಖಿಗಿಂತ 2 ವಾರ ಮುಂಚೆಯೂ 4 ವಾರ ತಡವಾಗಿಯೂ ಹಾಕಿಸಿಕೊಳ್ಳಬಹುದು. ಚುಚ್ಚಿದ ಜಾಗ ತಿಕ್ಕಬಾರದು, ಬಿಸಿ ಶಾಖ ಕೊಡಬಾರದು. ಮದ್ದು ಬೇಗ ಹೀರಿಕೊಂಡು ಅವಧಿ ಕಡಿಮೆಯಾಗುತ್ತದೆ. ಮನೆಯಲ್ಲಿ ಪಟ್ಟಿ ಇಟ್ಟುಕೊಳ್ಳಬೇಕಾಗಿಲ್ಲ, ಯಾರಿಗೂ ಕಾಣುವುದಿಲ್ಲ. ಮುಟ್ಟು ಮಾತ್ರ ಏರುಪೇರಾಗುತ್ತದೆ, ವರ್ಷದ ಹೊತ್ತಿಗೆ ಅನೇಕರಿಗೆ ಬರುವುದೇ ನಿಲ್ಲುತ್ತದೆ. ಕೆಟ್ಟ ರಕ್ತ ಒಳಗೆ ಸೇರಿಕೊಳ್ಳುತ್ತದೆ ಎಂಬುದು ಸುಳ್ಳು. ಗರ್ಭಕೋಶದ ಒಳಪದರ ಬೆಳೆಯದಿರುವುದರಿಂದ ಹೊರಹೋಗಲು ಏನೂ ಇರುವುದಿಲ್ಲ, ಅಷ್ಟೆ. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಹಿಡಿಯಬಹುದು. ‘ಆರು ತಿಂಗಳಾದ ಮೇಲೆ ಮಗು ಬೇಕು’ ಎನ್ನುವವರು ಇದನ್ನು ಆರಿಸಬಾರದು.

ವಂಕಿ, ಅಂದರೆ ಕಾಪರ್-ಟಿ, ಎರಡು ಬಗೆಯದು ಸಿಗುತ್ತದೆ: 380ಎ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ತಾಮ್ರ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ತೆಗೆಸಿದ ತಿಂಗಳಿಂದಲೇ ಗರ್ಭ ನಿಲ್ಲಬಹುದು. ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸಿಕೊಳ್ಳಬಹುದು. ಆ ಅವಕಾಶ ತಪ್ಪಿದರೆ 6 ವಾರ ಕಾಯಬೇಕು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ರಕ್ತಸ್ರಾವ, ನೋವು ಹೆಚ್ಚು. ರಕ್ತಹೀನತೆ ಇರುವವರು ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತ ಹಾಕಿಸಿಕೊಳ್ಳುವುದು ಒಳ್ಳೆಯದು. ತಿಂಗಳಿಗೊಮ್ಮೆ ಮುಟ್ಟಿನ ನಂತರ ಬೆರಳಿಂದ ದಾರ ಮುಟ್ಟಿ ನೋಡಬಹುದು. ದಾರ ಸಿಗದಿದ್ದರೆ, ಇದ್ದಕ್ಕಿದ್ದಂತೆ ಉದ್ದವಾಗಿದ್ದರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ ಆಸ್ಪತ್ರೆಗೆ ಹೋಗಿ. ಅದು ಎದೆಗೆ, ತಲೆಗೆ ಏರುತ್ತದೆ ಎಂಬ ಮಾತನ್ನು ನಂಬಬೇಡಿ. ಗರ್ಭಕೋಶದಿಂದ ಅಲ್ಲಿಗೆ ದಾರಿಯೇ ಇಲ್ಲ.

ಹೊರಗೆ ಬಿಡುವುದರ ಕಡೆ ಜನ ಹೋಗುವುದು ಹೆಚ್ಚಾಗಿ ‘ದೇಹಕ್ಕೆ ಮದ್ದು ಬೇಡ’ ಎಂಬ ಕಾರಣಕ್ಕೆ. ಹಾಗಿದ್ದರೆ ನೇರವಾಗಿ ಹೋಲಿಸಬೇಕಾದದ್ದು ಮಾತ್ರೆಯನ್ನಲ್ಲ, ವಂಕಿಯನ್ನು. ಅದರಲ್ಲಿ ಹಾರ್ಮೋನಿಲ್ಲ, ದಿನವೂ ನೆನಪಿಡುವುದಿಲ್ಲ, ಮತ್ತು 20ರ ಬದಲು 1ಕ್ಕಿಂತ ಕಡಿಮೆ.

ಮಕ್ಕಳು ಸಾಕು ಎನ್ನುವವರಿಗೆ

ಗಂಡಸಿನ ವ್ಯಾಸೆಕ್ಟಮಿಯ ಅಂಕಿ 0.15, ಹೆಂಗಸಿನ ಟ್ಯುಬೆಕ್ಟಮಿಯದು 0.5. ಮೊದಲನೆಯದು ಹೊಲಿಗೆಯಿಲ್ಲದೆ, ಆ ಜಾಗ ಮಾತ್ರ ಮರಗಟ್ಟಿಸಿ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದು. ಆದರೂ ದೇಶದಲ್ಲಿ ಹೆಂಗಸರ ಆಪರೇಷನ್ ಶೇ. 37.9 ಇದ್ದರೆ ಗಂಡಸರದು ಶೇ. 0.3. ‘ನಾನೇ ಹುಷಾರಾಗಿರ್ತೀನಿ’ ಎಂದು ವರ್ಷಗಟ್ಟಲೆ ಜವಾಬ್ದಾರಿ ಹೊತ್ತ ಗಂಡಸರು ಈ ಹೆಜ್ಜೆಯನ್ನೂ ಯೋಚಿಸಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇವೆ. ಸುಖಕ್ಕಾಗಲಿ, ದುಡಿಮೆಯ ಶಕ್ತಿಗಾಗಲಿ ಕುಂದಿಲ್ಲ. ವೀರ್ಯ ಮೊದಲಿನಂತೆಯೇ ಬರುತ್ತದೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ. ಆದರೆ ಆಪರೇಷನ್ ಆದ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ‘ವೀರ್ಯಾಣು ಇಲ್ಲ’ ಎಂದು ಬಂದ ಮೇಲೆಯೇ ಬಿಡಬೇಕು.

ಯಾರಿಗೆ ಯಾವುದು

ಹೊಸದಾಗಿ ಮದುವೆಯಾಗಿ ಒಂದೆರಡು ವರ್ಷ ಮಗು ಬೇಡ ಎನ್ನುವವರಿಗೆ ಮಾಲಾ-ಎನ್, ಛಾಯಾ ಅಥವಾ ಕಾಂಡೋಮ್ ಜೊತೆ ಹೊರಗೆ ಬಿಡುವುದು. ಬರೀ ಹೊರಗೆ ಬಿಡುವುದನ್ನು ಈ ಹಂತದಲ್ಲಿ ಬೇಡ ಎನ್ನುತ್ತೇವೆ: ಅಭ್ಯಾಸ ಕಡಿಮೆ, ಸೇರುವುದು ಹೆಚ್ಚು, ಫಲವತ್ತತೆಯೂ ಹೆಚ್ಚು.

ಬಾಣಂತಿಯರ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ಮಗುವಿಗೆ ಹಗಲು-ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡದಿರುವುದು, ಮುಟ್ಟು ಮರಳದಿರುವುದು, ಮಗುವಿಗೆ ಆರು ತಿಂಗಳು ತುಂಬದಿರುವುದು, ಈ ಮೂರೂ ಇದ್ದರೆ ಗರ್ಭ ನಿಲ್ಲುವ ಸಾಧ್ಯತೆ 100ಕ್ಕೆ 2ರಷ್ಟು. ಒಂದು ತಪ್ಪಿದರೂ ರಕ್ಷಣೆ ಹೋಯಿತು. ‘ಇನ್ನೂ ಹೊರಗಾಗಿಲ್ಲ, ಏನೂ ಆಗಲ್ಲ’ ಎಂಬ ನಂಬಿಕೆಯೇ ಅನೇಕ ಎರಡನೇ ಗರ್ಭಗಳಿಗೆ ಕಾರಣ, ಏಕೆಂದರೆ ಅಂಡಾಣು ಬಿಡುಗಡೆಯಾಗುವುದು ಮೊದಲು, ಮುಟ್ಟು ಬರುವುದು ಅದಾದ ಎರಡು ವಾರಕ್ಕೆ. ಸಿಸೇರಿಯನ್ ಆದವರಿಗೆ ಬೇಗ ಇನ್ನೊಂದು ಗರ್ಭ ಅಪಾಯಕಾರಿ. ಅವರಿಗೆ ವಂಕಿ, ಛಾಯಾ, ಅಥವಾ ಆರು ವಾರದ ನಂತರ ಅಂತರಾ.

ಗಂಡ ದುಬೈನಲ್ಲೋ ಮುಂಬೈನಲ್ಲೋ ದುಡಿದು ಕೆಲವು ತಿಂಗಳಿಗೊಮ್ಮೆ ಊರಿಗೆ ಬರುವ ಮನೆಗಳಲ್ಲಿ ‘ಬರುವ ನಾಲ್ಕು ದಿನಕ್ಕೆ ಮಾತ್ರೆ ಯಾಕೆ’ ಎಂದು ಹೊರಗೆ ಬಿಡುವುದನ್ನೇ ನಂಬುತ್ತಾರೆ. ಬಹುದಿನದ ಅಗಲಿಕೆಯ ನಂತರ ಹತೋಟಿ ಇನ್ನೂ ಕಡಿಮೆ ಎಂಬುದು ಅನುಭವಕ್ಕೆ ಬರುವಂಥದ್ದು. ಅವರಿಗೆ ವಂಕಿ, ಇಲ್ಲದಿದ್ದರೆ ಪ್ರತಿ ಸಲವೂ ಕಾಂಡೋಮ್. ಮಾತ್ರೆಯನ್ನು ಗಂಡ ಬಂದ ದಿನ ಶುರುಮಾಡಿದರೆ ಪ್ರಯೋಜನವಿಲ್ಲ.

ಮದುವೆಯಾಗದ ಜೋಡಿಗಳಿಗೆ ಕಾಂಡೋಮ್ ಮೊದಲು. ಸೋಂಕಿನ ಮಾತೂ ಇದೆ, ಗರ್ಭ ನಿಂತರೆ ಹೊರಬೇಕಾದ ಭಾರವೂ ಹೆಚ್ಚು.

ನಲವತ್ತು ದಾಟಿ, ತಿಂಗಳಿಗೆ ಒಂದೆರಡು ಸಲ ಸೇರುವ, ಹತ್ತಾರು ವರ್ಷದ ಅಭ್ಯಾಸವಿರುವ ದಂಪತಿಗಳಿಗೆ ಹೊರಗೆ ಬಿಡುವುದು ಬಹುಮಟ್ಟಿಗೆ ನಡೆಯುತ್ತದೆ. ಆದರೆ ಮುಟ್ಟು ಏರುಪೇರಾದ ಮಾತ್ರಕ್ಕೆ ಫಲವತ್ತತೆ ಮುಗಿಯಿತೆಂದಲ್ಲ. ಸತತ 12 ತಿಂಗಳು ಮುಟ್ಟು ನಿಲ್ಲುವವರೆಗೆ ಎಚ್ಚರ ಇರಲಿ.

ತಪ್ಪಿದಾಗ

ಹೊರಗೆ ಬಿಡುವ ವಿಧಾನ ಆರಿಸುವವರು ಈ ಭಾಗವನ್ನು ಮುಂಚೆಯೇ ಓದಿಟ್ಟುಕೊಂಡಿರಬೇಕು. ಒಳಗೆ ಸ್ಖಲನವಾದರೆ 72 ಗಂಟೆಯೊಳಗೆ ಲೆವೊನೋರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ತುರ್ತು ಮಾತ್ರೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಮರುದಿನ ಬೆಳಿಗ್ಗೆಗೆ ಮುಂದೂಡಬೇಡಿ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿ ‘ಈಜಿ ಪಿಲ್’ ಇರುತ್ತದೆ. ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಇದು ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ಅಷ್ಟೇ. ನಿಂತ ಗರ್ಭವನ್ನು ತೆಗೆಯುವುದಿಲ್ಲ. ಮುಂದೂಡಿದ ಅಂಡಾಣು ಆಮೇಲೆ ಬರುವುದರಿಂದ ಆ ತಿಂಗಳ ಉಳಿದ ದಿನಗಳಲ್ಲಿ ಕಾಂಡೋಮ್ ಬೇಕೇ ಬೇಕು. ಇದಕ್ಕಿಂತ ಗಟ್ಟಿಯಾದದ್ದು 5 ದಿನಗಳೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು; ಅದು ಮುಂದಿನ ವರ್ಷಗಳಿಗೂ ಆಯಿತು. ತಿಂಗಳು ತಿಂಗಳೂ ತುರ್ತು ಮಾತ್ರೆ ಬೇಕಾಗುತ್ತಿದ್ದರೆ ವಿಧಾನವೇ ನಿಮಗೆ ಹೊಂದಿಲ್ಲ ಎಂದು ತಿಳಿದು ಬೇರೆಯದಕ್ಕೆ ಬದಲಾಯಿಸಿ.

ಮುಟ್ಟು ಒಂದು ವಾರ ತಡವಾದರೆ, ಅಥವಾ ತಪ್ಪಾದ ದಿನದಿಂದ ಮೂರು ವಾರಕ್ಕೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿ. ಸರ್ಕಾರದ ‘ನಿಶ್ಚಯ್’ ಕಿಟ್ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ.

ಗರ್ಭ ನಿಂತು, ಬೇಡವೆಂದು ನಿರ್ಧರಿಸಿದರೆ ಕಾನೂನು ದಾರಿ ಕೊಟ್ಟಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಮತ್ತು ಗರ್ಭನಿರೋಧ ವಿಧಾನ ವಿಫಲವಾದದ್ದು ಅದಕ್ಕೆ ಒಪ್ಪಿತ ಕಾರಣ. ಮದುವೆಯಾಗಿರಬೇಕೆಂಬ ಷರತ್ತನ್ನು ಆ ತಿದ್ದುಪಡಿ ತೆಗೆದುಹಾಕಿತು. 18 ವರ್ಷ ತುಂಬಿದ ಹೆಣ್ಣಿಗೆ ಅವಳ ಸಹಿಯೊಂದೇ ಸಾಕು. ಗಂಡನ ಒಪ್ಪಿಗೆ ಕಾನೂನು ಕೇಳುವುದಿಲ್ಲ, ಹೆಸರನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. 9 ವಾರದೊಳಗೆ ಬಂದರೆ ಮಾತ್ರೆಯಿಂದಲೇ ಆಗುತ್ತದೆ. ಅದು ವೈದ್ಯರ ನಿಗಾದಲ್ಲೇ ಆಗಬೇಕು, ಅಂಗಡಿಯಿಂದ ತಂದು ಮನೆಯಲ್ಲಿ ನುಂಗುವುದಲ್ಲ: ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಳಿಕೆ ಒಡೆದರೆ ಜೀವಕ್ಕೇ ಅಪಾಯ. ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ಸತತವಾಗಿ ನೆನೆದರೆ, ತಲೆಸುತ್ತಿ ಬಿದ್ದರೆ, ಜ್ವರ ಇಳಿಯದಿದ್ದರೆ ಅದೇ ಹೊತ್ತಿಗೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮತ್ತು ಹೊರಡುವ ಮುಂಚೆ, ಮುಂದಿನ ವಿಧಾನ ಯಾವುದೆಂದು ಅಲ್ಲೇ ಕೇಳಿಕೊಂಡು ಬನ್ನಿ. ಗರ್ಭಪಾತವಾದ ಎರಡು ವಾರದೊಳಗೇ ಮತ್ತೆ ಅಂಡಾಣು ಬಿಡುಗಡೆಯಾಗಬಹುದು.